ಎಳನೀರೂ ಬೇಕು, ಕೊಬ್ಬರೀನೂ ಬೇಕು ಅಂದ್ರೆ? 🥥🎮

2006ರ ಆಬ್ಲಿವಿಯನ್ ಗೇಮ್ ಆಡಿದವರಿಗೆ ಈ ಸಂಕಟ ಗೊತ್ತು. ನೀವು ಆರಿಸಿಕೊಂಡ 7 ಮೇಜರ್ ಸ್ಕಿಲ್‌ಗಳು ಒಟ್ಟು 10 ಸಲ ಏರಿದ್ರೆ, ಮಲಗಿ ಎದ್ದಾಗ ಒಂದು ಲೆವೆಲ್ ಮೇಲೆ. ಆದ್ರೆ ನಿಮ್ಮ ಜೊತೆ ಶತ್ರುಗಳೂ ಬಲಿತಾರೆ! ದೇಹಬಲಕ್ಕೆ +5 ಬೇಕಾದ್ರೆ ಅದಕ್ಕೆ ಸೇರಿದ ಸ್ಕಿಲ್‌ಗಳು ಅದೇ ಲೆವೆಲ್‌ನಲ್ಲಿ 10 ಸಲ ಏರಿರಬೇಕು. ದುಡ್ಡು ಕೊಟ್ಟು ಟ್ರೈನರ್ ಹತ್ರ ಹೋದ್ರೂ ಲೆವೆಲ್‌ಗೆ ಐದೇ ಪಾಠ.

ಹಾಗಾಗಿ ಜನ ನೋಟ್‌ಬುಕ್ ಹಿಡಿದು ಕೂತರು. ತಾವು ಬಳಸದ ಸ್ಕಿಲ್‌ಗಳನ್ನೇ ಮೇಜರ್ ಅಂತ ಆರಿಸಿದರು. ಆಡೋದಕ್ಕಿಂತ ಲೆಡ್ಜರ್ ಬರೆಯೋದೇ ಜಾಸ್ತಿ. ಬಿಕಾಂನಲ್ಲಿ ಬರೆಯೋದು ಸಾಲದಾ ಗುರು? 😅

2025ರ ರೀಮಾಸ್ಟರ್ ಇದನ್ನ ಸರಿ ಮಾಡಿತು. ಲೆವೆಲ್‌ಗೆ 12 ಪಾಯಿಂಟ್, ಮೂರು ಗುಣಗಳಿಗೆ ಹಂಚಬಹುದು, ಒಂದಕ್ಕೆ ಹೆಚ್ಚಂದ್ರೆ 5. ಎರಡಕ್ಕೆ ಪೂರ್ತಿ ಕೊಟ್ರೆ ಮೂರನೇದಕ್ಕೆ ಉಳಿಯೋದು 2.

ತಿಪಟೂರು ಕಡೆಯವರಿಗೆ ಈ ಲೆಕ್ಕ ಹೊಸದಲ್ಲ. ಎಳನೀರಿಗೆ ಇಳಿಸಿದ ಗೊನೆ ಕೊಬ್ಬರಿ ಆಗಲ್ಲ. ಕೊಬ್ಬರಿ ಬೇಕಂದ್ರೆ ಬಲಿತ ಕಾಯಿ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲಿರಬೇಕು. ಎರಡೂ ಸರಿ, ಆದ್ರೆ ಮನೆಯ ಅಗತ್ಯ ನೋಡಿ ತೀರ್ಮಾನಿಸ್ತಾರೆ, ಪಕ್ಕದ ತೋಟ ನೋಡಿ ಅಲ್ಲ.

ಅದಕ್ಕೇ ಹೇಳೋದು: ಯೂಟ್ಯೂಬಿನ ‘ಬೆಸ್ಟ್ ಬಿಲ್ಡ್’ ನೋಡೋ ಮೊದಲು ನಿಮಗೆ ಕತ್ತಿ ಇಷ್ಟನಾ, ಮಂತ್ರ ಇಷ್ಟನಾ ಅಂತ ಕೇಳಿಕೊಳ್ಳಿ. ಸಿಎ, ಬ್ಯಾಂಕ್ ಪರೀಕ್ಷೆ, ಕೆಎಎಸ್ ಮೂರಕ್ಕೂ ಒಟ್ಟಿಗೆ +5 ಹಾಕೋಕೆ ಹೊರಟಿರೋ ಕ್ಲಾಸ್‌ಮೇಟ್‌ಗಳಿಗೂ ಇದೇ ಮಾತು. ಇರೋದು 12.

ನಿಮ್ಮ 12 ಎಲ್ಲೆಲ್ಲಿಗೆ? ಕಾಮೆಂಟ್‌ನಲ್ಲಿ ಹೇಳಿ 👇