ಮದರಾಸಿನಲ್ಲಿ ಸಿಕ್ಕಿದ ತಾಯಿ

1866ನೆಯ ಇಸವಿಯ ಮೇ 16. ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಎಂಬ ಆಂಗ್ಲ ಖಗೋಳಜ್ಞನು ದೂರದರ್ಶಕದ ಮುಂದೆ ಕುಳಿತಿದ್ದನು. ಛಾಯಾಚಿತ್ರಗಳ ನೆರವಿನಿಂದ ಕ್ಷುದ್ರಗ್ರಹಗಳನ್ನು ಹುಡುಕುವ ಕಾಲವಿನ್ನೂ ಬಂದಿರಲಿಲ್ಲ. ಕಂಡ ಚುಕ್ಕೆಗಳನ್ನೆಲ್ಲ ನಕ್ಷತ್ರಪಟದೊಡನೆ ಒಂದೊಂದಾಗಿ ತಾಳೆ ನೋಡಬೇಕು. ಪಟದಲ್ಲಿಲ್ಲದ ಚುಕ್ಕೆಯೊಂದು ಕಂಡರೆ, ಅದು ನಕ್ಷತ್ರಗಳ ನಡುವೆ ಸರಿಯುವುದೇ ಎಂದು ಕಾದಿರಬೇಕು. ಅಂದು ಸಿಕ್ಕಿದುದು ಅಂತಹ ಸರಿಯುವ ಚುಕ್ಕೆ. ರೋಮಿನ ಪುರಾಣದಲ್ಲಿ ಅವಳಿ ಮಕ್ಕಳನ್ನು ಹೆತ್ತ ರಿಯಾ ಸಿಲ್ವಿಯಾಳ ಹೆಸರು ಅದಕ್ಕೆ ಬಂದಿತು. ಕ್ಷುದ್ರಗ್ರಹಗಳ ಎಣಿಕೆಯಲ್ಲಿ ಅದು 87ನೆಯದು.

ಮಂಗಳ ಮತ್ತು ಗುರುಗ್ರಹಗಳ ನಡುವೆ ಹರಡಿರುವ ಕ್ಷುದ್ರಗ್ರಹಗಳ ಪಟ್ಟಿಯ ಹೊರ ಅಂಚಿನಲ್ಲಿ, ಸೂರ್ಯನಿಂದ ಸರಾಸರಿ 52 ಕೋಟಿ ಕಿಲೋಮೀಟರು ದೂರದಲ್ಲಿ ಸಿಲ್ವಿಯಾಳ ವಾಸ. ಒಂದು ಪ್ರದಕ್ಷಿಣೆಗೆ ಆರೂವರೆ ವರ್ಷ ಬೇಕು. ಅವಳ ಹಾದಿಗಿಂತ ಒಳಗೆ, 49 ಕೋಟಿ ಕಿಲೋಮೀಟರಿನ ಸುಮಾರಿಗೆ, ಬಹುಮಟ್ಟಿಗೆ ಬರಿದಾದ ಎಡೆಯೊಂದಿದೆ. ಅಲ್ಲಿ ನಡೆಯುವ ಕಾಯವು ಗುರುವಿನ ಒಂದು ಸುತ್ತಿಗೆ ಸರಿಯಾಗಿ ಎರಡು ಸುತ್ತು ಹಾಕುವುದರಿಂದ, ಗುರುವಿನ ಸೆಳೆತ ಮತ್ತೆ ಮತ್ತೆ ಒಂದೇ ರೀತಿಯಲ್ಲಿ ತಗಲಿ, ಕಾಲಕ್ರಮದಲ್ಲಿ ಅದನ್ನು ಹಾದಿ ತಪ್ಪಿಸುತ್ತದೆ. ಸಿಲ್ವಿಯಾ ಆ ಗಂಡಾಂತರದ ಎಡೆಯಿಂದಾಚೆಗೆ ನೆಮ್ಮದಿಯಾಗಿ ಸುತ್ತುತ್ತಿದ್ದಾಳೆ.

ಹಾದಿಯನ್ನು ಲೆಕ್ಕಹಾಕುವುದೇನೋ ಆಯಿತು. ಆದರೆ ಅಷ್ಟು ದೂರದ ಕಾಯವನ್ನು ತೂಗುವುದು ಹೇಗೆ? ಉತ್ತರ ದೊರೆಯಲು ಒಂದು ಶತಮಾನಕ್ಕೂ ಮೀರಿದ ಕಾಲ ಹಿಡಿಯಿತು. 2001ರಲ್ಲಿ ಹವಾಯಿ ದ್ವೀಪದ ಕೆಕ್ ದೂರದರ್ಶಕವು ಸಿಲ್ವಿಯಾಳನ್ನು ಸುತ್ತುವ ಪುಟ್ಟ ಚಂದ್ರನೊಂದನ್ನು ತೋರಿಸಿತು. 2004ರಲ್ಲಿ ಚಿಲಿ ದೇಶದ ಮಹಾದೂರದರ್ಶಕವು ಸೆರೆಹಿಡಿದ ಚಿತ್ರಗಳಲ್ಲಿ ಎರಡನೆಯದೂ ಕಾಣಿಸಿತು. ಎರಡು ಚಂದ್ರರುಳ್ಳ ಕ್ಷುದ್ರಗ್ರಹವು ಮನುಷ್ಯನ ಅರಿವಿಗೆ ಬಂದುದು ಅದೇ ಮೊದಲು.

ಮಕ್ಕಳು ಎಷ್ಟು ದೂರದಲ್ಲಿ, ಎಷ್ಟು ವೇಗವಾಗಿ ಸುತ್ತುವರೆಂಬುದರಿಂದ ತಾಯಿಯ ತೂಕ ತಿಳಿಯಿತು. ಸುಮಾರು 270 ಕಿಲೋಮೀಟರು ಅಡ್ಡಳತೆಯ ಆ ಕಾಯದ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು! ಹಾಗಾದರೆ ಅದು ಗಟ್ಟಿಯಾದ ಒಂಟಿ ಬಂಡೆಯಾಗಿರಲಾರದು. ಒಡಲಲ್ಲಿ ಟೊಳ್ಳೋ ಹಿಮವೋ ಧಾರಾಳವಾಗಿರಬೇಕು. ಹಿಂದೆಂದೋ ನಡೆದ ಘೋರ ಘರ್ಷಣೆಯಲ್ಲಿ ಒಡೆದ ಚೂರುಗಳು ಮತ್ತೆ ಒಟ್ಟುಗೂಡಿ ಸಿಲ್ವಿಯಾ ರೂಪುಗೊಂಡಿರಬೇಕು, ಮಕ್ಕಳೂ ಅದರಲ್ಲೇ ಹುಟ್ಟಿರಬೇಕು ಎಂದು ವಿಜ್ಞಾನಿಗಳು ಊಹಿಸಿದ್ದಾರೆ.

ಆ ಮಕ್ಕಳಿಗೆ ಇಟ್ಟ ಹೆಸರುಗಳು ರೊಮುಲಸ್ ಮತ್ತು ರೀಮಸ್. ಪುರಾಣದ ಸಿಲ್ವಿಯಾಳ ಅವಳಿಗಳ ಹೆಸರುಗಳೇ. ತಾಯಿಯನ್ನು ಕಂಡ ಪಾಗ್ಸನ್ 1891ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡನು. ತಾನು ಕಂಡ ಚುಕ್ಕೆಗೆ ಮಕ್ಕಳಿರುವರೆಂಬ ಸಂಗತಿ ಅವನಿಗೆ ತಿಳಿಯಲೇ ಇಲ್ಲ.