ಪದಕ ಕೊಟ್ಟು ತಳಿ ಕೆಡಿಸಬೇಡಿ

ಉತ್ತರ ಕರ್ನಾಟಕದ ಉತ್ಸವ, ಕೃಷಿ ಮೇಳಗಳಲ್ಲಿ ಈಗ ಶ್ವಾನ ಪ್ರದರ್ಶನವೂ ಒಂದು ಆಕರ್ಷಣೆ. ನಾಯಿ ಪ್ರೀತಿಸುವವರು ಒಂದೆಡೆ ಸೇರುವುದು ಸಂತೋಷವೇ. ನನ್ನ ಸಿಟ್ಟೆಲ್ಲ ಮೈದಾನದ ನಡುವೆ ನಿಂತು, ಒಂದೆರಡು ಸುತ್ತು ಓಡಿಸಿ ನೋಡಿ, ಕಣ್ಣಿಗೆ ಚೆಂದ ಕಂಡ ನಾಯಿಗೆ ಪದಕ ಹಾಕುವ ತೀರ್ಪುಗಾರರ ಮೇಲೆ. ಗೆದ್ದ ಗಂಡುನಾಯಿಯನ್ನು ಕೂಡಿಸಲು ಊರೂರಿಂದ ಹೆಣ್ಣುನಾಯಿ ತರುತ್ತಾರೆ. ಅದರ ಮೈಯ ದೋಷ ಮರಿಗಳಿಗೆ, ಮರಿಗಳ ಮರಿಗಳಿಗೆ ಹರಿಯುತ್ತದೆ. ತೀರ್ಪುಗಾರ ಅಷ್ಟೊತ್ತಿಗೆ ಶಾಲು ಹೊದ್ದು ಮನೆ ಸೇರಿರುತ್ತಾನೆ!

ನಮ್ಮ ಮುಧೋಳ ನಾಯಿಯನ್ನೇ ನೋಡಿ. ಮುಧೋಳವನ್ನಾಳಿದ ಘೋರ್ಪಡೆ ಅರಸರು ಅದಕ್ಕೆ ಹೆಸರು ತಂದರು, ಖರೇ. ಆದರೆ ಆ ಮೈಕಟ್ಟನ್ನು ತಿದ್ದಿದ್ದು ಬೇಟೆ, ಬಯಲು ಮತ್ತು ಬಿಸಿಲು. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸರಿದ ಹೊಟ್ಟೆ, ಮೈಗಂಟಿದ ಕೂದಲು, ಇವು ಅಲಂಕಾರಕ್ಕೆ ಬಂದವಲ್ಲ. ದೇವದುರ್ಗದ ಕಲ್ಲುಭೂಮಿಯಲ್ಲಿ, ಮಾನ್ವಿಯ ಎರೆಹೊಲದಲ್ಲಿ ಮೊಲದ ಬೆನ್ನು ಹತ್ತಬೇಕಾದ ನಾಯಿಗೆ ಇವೇ ಬಂಡವಾಳ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಅಂಚೆಚೀಟಿ ತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವನ್ನೇ ತೆರೆದಿದೆ. 2016ರಲ್ಲಿ ಸೇನೆ ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದಿತು. ಇಷ್ಟೆಲ್ಲ ಆದಮೇಲೂ ಓಟದ ಆಸೆಗೆ ಗ್ರೇಹೌಂಡ್ ಬೆರೆಸಿದ ಮಿಶ್ರ ನಾಯಿಯನ್ನು ಅಪ್ಪಟ ಮುಧೋಳವೆಂದು ಮಾರುವವರಿದ್ದಾರೆ. ತುಂಬಿದ ತೊಡೆ, ಹೊಳೆಯುವ ಮೈಗೆ ಮರುಳಾಗಿ ಅಂಥದಕ್ಕೂ ಪ್ರಮಾಣಪತ್ರ ಬರೆದುಕೊಟ್ಟರೆ, ಆ ಮೋಸಕ್ಕೆ ಮೊಹರು ಒತ್ತಿದಂತೆ. ತಳಿ ಲಕ್ಷಣ ಓದದವರು ಆ ಮೈದಾನಕ್ಕೆ ಇಳಿಯುವುದೇ ತಪ್ಪು.

ಇನ್ನೊಂದು ಕ್ರೌರ್ಯವಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಮೂತಿ ಒಳಕ್ಕೆ ಹೋದ ಪಗ್ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಉಸಿರಿನಿಂದ. ಆ ದಾರಿಯನ್ನೇ ಕಟ್ಟಿದ ಮುಖಕ್ಕೆ ‘ಮುದ್ದು’ ಎಂದು ಅಂಕ ಕೊಟ್ಟವರು ಯಾರು? ತಲೆತಲಾಂತರದ ತೀರ್ಪುಗಾರರೇ. ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ 2012ರಲ್ಲಿ 15 ತಳಿಗಳ ವಿಜೇತ ನಾಯಿಗಳನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿದರು. ಬುಲ್‌ಡಾಗ್, ಪೆಕಿನೀಸ್ ಸೇರಿ 6 ತಳಿಯವು ಅಲ್ಲೇ ಅನರ್ಹವಾದವು. ತೀರ್ಪುಗಾರರು ಶ್ರೇಷ್ಠವೆಂದು ಆರಿಸಿದ್ದ ನಾಯಿಗಳವು! ಅವರಿಗೆ ಕಾಣದ ರೋಗ ವೈದ್ಯರಿಗೆ ಕಂಡಿತು.

ಅಂಥ ಪರೀಕ್ಷೆ ಇಲ್ಲೂ ಆಗಲಿ. ಪದಕಕ್ಕಿಂತ ಮುಂಚೆ ಪಶುವೈದ್ಯರು ಉಸಿರು, ಕಣ್ಣು, ನಡಿಗೆ ನೋಡಲಿ. ಮುಧೋಳ ವಿಭಾಗದ ತೀರ್ಪುಗಾರರ ಸಾಲಿನಲ್ಲಿ ಆ ನಾಯಿಯನ್ನು ತಲೆಮಾರುಗಳಿಂದ ಸಾಕಿದ ಹಿರಿಯನೊಬ್ಬನಿಗೂ ಕುರ್ಚಿ ಹಾಕಿ. ಯೋಗ್ಯ ನಾಯಿ ಬರದಿದ್ದರೆ ಬಹುಮಾನ ತಡೆಹಿಡಿಯಿರಿ, ಆ ಅಧಿಕಾರ ತೀರ್ಪುಗಾರರಿಗೆ ಇದೆ. ಗೆದ್ದದ್ದು ಯಾಕೆ ಗೆದ್ದಿತು, ಯಾವ ದೋಷ ಕಂಡಿತು ಎಂಬುದನ್ನು ಕನ್ನಡದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಮೈದಾನದ ಬಾಗಿಲಿಗೆ ಅಂಟಿಸಿ.