ವೈದ್ಯ ವಿದ್ಯಾರ್ಥಿಗಳಿಗೆ ಕೊಡುವ ಅಂಕ

ದೀಪಾಂಜಲಿ ನಗರದ ಕಾರ್ಮಿಕನು ಕಾಯಿಲೆ ಬಿದ್ದರೆ ರಾಜಾಜಿನಗರದ ಇ. ಎಸ್. ಐ. ಆಸ್ಪತ್ರೆಗೋ, 1900ರಿಂದ ನಡೆದುಬಂದಿರುವ ವಿಕ್ಟೋರಿಯಾ ಆಸ್ಪತ್ರೆಗೋ ಹೋಗುವನಷ್ಟೆ. ಎರಡು ಕಡೆಯೂ ಅವನ ಮಂಚದ ಸುತ್ತ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ನಿಲ್ಲುತ್ತಾರೆ. ನಾಳೆ ಇವರೇ ಸ್ವತಂತ್ರವಾಗಿ ಮದ್ದು ಕೊಡತಕ್ಕವರು. ಇವರಲ್ಲಿ ಯಾರಿಗೆ ಕೈ ಕುದುರಿದೆ, ಯಾರಿಗೆ ಕುದುರಿಲ್ಲ ಎಂಬುದನ್ನು ಹೇಳುವ ಅಂಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಇದನ್ನು ಕಾಲೇಜಿನ ಒಳಗಿನ ವಿಷಯವೆಂದು ಬಿಡಲಾಗದು.

ಬಹುಕಾಲದಿಂದ ಬಂದ ಪದ್ಧತಿಯಂತೆ ವಿದ್ಯಾರ್ಥಿಯು ದೊಡ್ಡದೊಂದು 'ಕೇಸು' ಹಿಡಿದು, ರೋಗಿಯನ್ನು ತಾನೊಬ್ಬನೇ ನೋಡಿ, ಬಳಿಕ ಪರೀಕ್ಷಕರಿಗೆ ವರದಿಯೊಪ್ಪಿಸುತ್ತಾನೆ. ಪರೀಕ್ಷಕರು ಕೇಳುವುದು ಅವನ ಮಾತನ್ನು. ಅವನ ಕೈ ರೋಗಿಯ ಹೊಟ್ಟೆಯ ಮೇಲೆ ಹೇಗೆ ಆಡಿತು, ನರಳುವ ಮುದುಕಿಯನ್ನು ಹೇಗೆ ಮಾತಾಡಿಸಿದನು ಎಂಬುದನ್ನು ಕಂಡವರು ಅನೇಕ ವೇಳೆ ಯಾರೂ ಇಲ್ಲ. ವಾಚಾಳಿಯು ಗೆಲ್ಲುತ್ತಾನೆ, ಇಂಗ್ಲಿಷಿನಲ್ಲಿ ತಡವರಿಸುವ ಹಳ್ಳಿಯ ಹುಡುಗನು, ಕನ್ನಡದಲ್ಲಿ ರೋಗಿಗೆ ಧೈರ್ಯ ಹೇಳಬಲ್ಲವನಾದರೂ, ಹಿಂದೆ ಬೀಳುತ್ತಾನೆ. ಒಂದು ಗುಣಕ್ಕೆ ಮೆಚ್ಚಿ ಉಳಿದ ಗುಣಗಳಿಗೂ ಅಂಕ ಸುರಿಯುವ ಈ ಮನೋಧರ್ಮವನ್ನು ಅಮೆರಿಕದ ಥಾರ್ನ್‌ಡೈಕ್ ಪಂಡಿತನು 1920ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಅಲ್ಲದೆ ಒಂದು ರೋಗದಲ್ಲಿ ಜಾಣನಾದವನು ಇನ್ನೊಂದರಲ್ಲಿಯೂ ಜಾಣನೆಂಬ ಭರವಸೆಯಿಲ್ಲ. ಒಬ್ಬನೇ ರೋಗಿಯ ಮೇಲೆ ತೂಗಿದ ತೂಕದಲ್ಲಿ ಅದೃಷ್ಟದ ಪಾಲು ಬಹಳ.

ಸ್ಕಾಟ್ಲೆಂಡಿನ ಡಂಡೀಯಲ್ಲಿ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ 'ಓ. ಎಸ್. ಸಿ. ಇ.' ಕ್ರಮದಲ್ಲಿ ವಿದ್ಯಾರ್ಥಿಯು ಸರದಿಯಂತೆ ಹಲವು ಕಡೆ ನಿಂತು ಒಂದೊಂದು ಕೆಲಸವನ್ನು ಪರೀಕ್ಷಕರ ಕಣ್ಣೆದುರಿಗೆ ಮಾಡುತ್ತಾನೆ. ಇದು ಮೇಲಾದ ಕ್ರಮವೇ. ಆದರೆ ಕೆಲವು ನಿಮಿಷಗಳ ತುಣುಕುಗಳಲ್ಲಿ ಇಡೀ ಮನುಷ್ಯನು ಕಾಣನು. 2019ರಲ್ಲಿ ದೇಶದಲ್ಲೆಲ್ಲ ಆರಂಭವಾದ ಸಾಮರ್ಥ್ಯಾಧಾರಿತ ಪಾಠಕ್ರಮವು 'ಲಾಗ್ ಬುಕ್' ವಿಧಿಸಿರುವುದು ಸಂತೋಷ. ವರ್ಷಾಂತ್ಯದಲ್ಲಿ ಪುಟ ಮಗುಚುತ್ತ ಹಾಕಿದ ಸಹಿಯಾದರೆ ಅದಕ್ಕೆ ಕಾಸಿನ ಬೆಲೆಯಿಲ್ಲ.

ನಾವು ಉಪಾಧ್ಯಾಯರನ್ನು ದೂಷಿಸುತ್ತಿಲ್ಲ. ಹೊರರೋಗಿಗಳ ಸಾಲು ಬಾಗಿಲಾಚೆಗೆ ಬೆಳೆದಿರುವಾಗ ಅವರಿಗೆ ಬಿಡುವೆಲ್ಲಿ? ಆದುದರಿಂದ, 1996ರಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದವರೂ ಸರ್ಕಾರದವರೂ ಉಪಾಧ್ಯಾಯರ ಕೆಲಸದ ಪಟ್ಟಿಯಲ್ಲಿಯೇ ಇದಕ್ಕೆ ಕಾಲವನ್ನು ಗೊತ್ತುಮಾಡತಕ್ಕದ್ದು. ಪ್ರತಿ ವಿದ್ಯಾರ್ಥಿಯನ್ನೂ ವರ್ಷದುದ್ದಕ್ಕೂ ಬೇರೆ ಬೇರೆ ರೋಗಿಗಳ ಬಳಿ ಬೇರೆ ಬೇರೆ ಉಪಾಧ್ಯಾಯರು ಕಣ್ಣಾರೆ ನೋಡಿ, ಅಂಕದೊಡನೆ ಕಂಡುದನ್ನು ಎರಡು ಸಾಲು ಬರೆಯಲಿ. ವಾರ್ಡಿನ ದಾದಿಯರ ಅಭಿಪ್ರಾಯವನ್ನೂ ಕೇಳಲಿ. ಸಂದೇಹವಿದ್ದಾಗ 'ಹೋಗಲಿ ಪಾಪ' ಎಂದು ತೇರ್ಗಡೆ ಮಾಡುವ ದಯೆಯು ಮಾತ್ರ ನಿಲ್ಲಬೇಕು. ಆ ದಯೆಯ ವೆಚ್ಚವನ್ನು ತೆರುವವನು ಮಂಚದ ಮೇಲೆ ಮಲಗಿರುವ ಕಾರ್ಮಿಕನು.